ಕಾಕಂಬಿ, ಕಾರು ಮತ್ತು ದಿವಾನ್ ಮಿರ್ಜಾ ಇಸ್ಮಾಯಿಲ್

ಸರ್ ಮಿರ್ಜಾ ಇಸ್ಮಾಯಿಲ್ ಎಂದ ಕೂಡಲೇ ಎಲ್ಲರ ಬಾಯಲ್ಲಿ ಬರುವುದು ಬೃಂದಾವನ ಉದ್ಯಾನ. ಕಳೆದ ವರ್ಷ ನಮ್ಮ ಕಾಲೇಜಿನ ಪ್ರವಾಸದಲ್ಲಿ ನಾವೂ ಅಲ್ಲಿ ಕಾರಂಜಿ ನೋಡಿ, ಫೋಟೋ ತೆಗೆಸಿಕೊಂಡು ಬಂದೆವು. ಆದರೆ ನಾನು ಇಲ್ಲಿ ಬರೆಯಹೊರಟಿರುವುದು ಉದ್ಯಾನದ ಮಿರ್ಜಾ ಬಗ್ಗೆ ಅಲ್ಲ, ಸಕ್ಕರೆ ಕಾರ್ಖಾನೆಯ ಮಿರ್ಜಾ ಬಗ್ಗೆ. ಇಂದು ಪೆಟ್ರೋಲ್ ಬಂಕಿನಲ್ಲಿ ಎಥೆನಾಲ್ ಬೆರೆಸಿದ ಪೆಟ್ರೋಲ್ ಎಂಬ ಫಲಕ ನೋಡುತ್ತೇವಲ್ಲ, ಆ ಕೆಲಸ ನಮ್ಮ ನಾಡಿನಲ್ಲಿ ಸುಮಾರು ಎಂಟು ದಶಕಗಳ ಹಿಂದೆಯೇ ಆಗಿತ್ತು. ಆಗ ಅದಕ್ಕೆ ಪವರ್ ಆಲ್ಕೋಹಾಲ್ ಎಂದು ಹೆಸರು. ಅದನ್ನು ತಯಾರಿಸಿದ ಮಂಡ್ಯದ ಕಾರ್ಖಾನೆ ಹುಟ್ಟಿದ್ದು ಇದೇ ದಿವಾನರ ಕಾಲದಲ್ಲಿ.

ಅವರ ಕತೆ ಕುದುರೆಯಿಂದ ಶುರುವಾಗುತ್ತದೆ. ಅಜ್ಜ ಆಗಾ ಅಲಿ ಅಸ್ಕರ್ ಇರಾನಿನ ಶಿರಾಜ್ ಪಟ್ಟಣದವರು. ಹತ್ತೊಂಬತ್ತನೇ ಶತಮಾನದ ಮೊದಲ ಭಾಗದಲ್ಲಿ, ಇನ್ನೂ ಹುಡುಗನಾಗಿದ್ದಾಗಲೇ, ಕುದುರೆಗಳನ್ನು ಹೊಡೆದುಕೊಂಡು ಬೆಂಗಳೂರಿಗೆ ಬಂದರು. ದಂಡಿನ ಬ್ರಿಟಿಷರಿಗೂ ಮೈಸೂರಿನ ಅರಮನೆಗೂ ಕುದುರೆ ಮಾರಿದರು. ಆಗ ಕುದುರೆಯೇ ಕಾರು, ಲಾರಿ, ಯುದ್ಧದ ಬಂಡಿ ಎಲ್ಲ. ವ್ಯಾಪಾರದಲ್ಲಿ ಬಂದ ಹಣದಿಂದ ಬೆಂಗಳೂರಿನಲ್ಲಿ ಬಂಗಲೆಗಳನ್ನು ಕಟ್ಟಿಸಿದರು. ಇಂದಿಗೂ ಅಲ್ಲಿ ಅಲಿ ಅಸ್ಕರ್ ರಸ್ತೆ ಇದೆ. ಅವರ ಮೊಮ್ಮಗ ಮಿರ್ಜಾ ಹುಟ್ಟಿದ್ದು 1883ರ ಅಕ್ಟೋಬರ್ 24ರಂದು, ಬೆಂಗಳೂರಿನಲ್ಲೇ.

ತಂದೆ ಅರಮನೆಯ ಸೇವೆಯಲ್ಲಿದ್ದರು. ಹಾಗಾಗಿ ಹುಡುಗನಿಗೆ ಬೇರೆಯವರಿಗೆ ಸಿಗದ ಒಂದು ಅವಕಾಶ ಸಿಕ್ಕಿತು. ಎಳೆಯ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರಿಗೆ ಪಾಠ ಹೇಳಲು ಸ್ಟುವರ್ಟ್ ಫ್ರೇಜರ್ ಎಂಬ ಇಂಗ್ಲಿಷ್ ಅಧಿಕಾರಿ ಇದ್ದರು. ಒಬ್ಬರೇ ಓದಿದರೆ ಬೇಸರವಾದೀತೆಂದು ಕೆಲವು ಹುಡುಗರನ್ನು ಜೊತೆಗೆ ಕೂರಿಸಿದರು. ಮಿರ್ಜಾ ಅವರಲ್ಲೊಬ್ಬರು. ಮಹಾರಾಜರಿಗಿಂತ ಏಳು ತಿಂಗಳು ದೊಡ್ಡವರು, ಅಷ್ಟೆ. ಒಂದೇ ಬೆಂಚಿನ ಈ ಗೆಳೆತನ ಮಹಾರಾಜರು ತೀರಿಕೊಳ್ಳುವವರೆಗೂ ಉಳಿಯಿತು. ಮಿರ್ಜಾ ಅವರ ಜೀವನದಲ್ಲಿ ಒಳ್ಳೆಯದೇನಾಯಿತೋ ಅದರ ಅರ್ಧ ಭಾಗ ಈ ಗೆಳೆತನದಿಂದ ಆದದ್ದು ಎಂದು ನನ್ನ ಅಭಿಪ್ರಾಯ. ವಶೀಲಿ ಎಂದು ಯಾರಾದರೂ ಹೇಳಬಹುದು. ವಶೀಲಿಯಿಂದ ಕುರ್ಚಿ ಸಿಗುತ್ತದೆ, ಆದರೆ ಆ ಕುರ್ಚಿಯಲ್ಲಿ ಹದಿನೈದು ವರ್ಷ ಕೂತು ಕೆಲಸ ಮಾಡುವುದು ಸುಲಭವಲ್ಲ.

ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪದವಿ ಮುಗಿಸಿ ಮೊದಲು ಪೊಲೀಸ್ ಇಲಾಖೆ ಸೇರಿದರು. ಕೆಲವೇ ವರ್ಷಗಳಲ್ಲಿ ಅರಮನೆಯ ಕಚೇರಿಗೆ ಬಂದರು, ಮುಂದೆ ಮಹಾರಾಜರ ಖಾಸಗಿ ಕಾರ್ಯದರ್ಶಿಯಾದರು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ 1912ರಿಂದ 1918ರ ಕಾಲದಲ್ಲಿ ಮಿರ್ಜಾ ಅರಮನೆಯ ಒಳಗಿದ್ದುಕೊಂಡು ಆ ಆಡಳಿತವನ್ನು ಹತ್ತಿರದಿಂದ ನೋಡಿದರು. 1926ರ ಮೇ ತಿಂಗಳಲ್ಲಿ ತಾವೇ ದಿವಾನರಾದರು. ಆಗ ವಯಸ್ಸು ನಲವತ್ತೆರಡು. 1930ರಲ್ಲಿ ಸರ್ ಪದವಿ ಬಂತು. ಲಂಡನ್ನಿನ ದುಂಡುಮೇಜಿನ ಪರಿಷತ್ತಿಗೂ ಹೋಗಿ ಬಂದರು.

ಅವರಿಗೆ ಕೂತಲ್ಲಿ ಕೂರುವ ಸ್ವಭಾವ ಇರಲಿಲ್ಲ. ಬೆಳಗಾಗುತ್ತಲೇ ಕುದುರೆ ಹತ್ತಿ ಊರು ಸುತ್ತುವುದು ಅವರ ರೂಢಿ. ಎಲ್ಲಿ ಚರಂಡಿ ಕಟ್ಟಿದೆ, ಎಲ್ಲಿ ಗಿಡ ಒಣಗಿದೆ ಎಂದು ಕಣ್ಣಾರೆ ನೋಡಿ, ಕಚೇರಿಗೆ ಬಂದ ಮೇಲೆ ಅಧಿಕಾರಿಗಳಿಗೆ ಕಾಗದ ಕಳಿಸುತ್ತಿದ್ದರು. ಅವರ ಕೈಕೆಳಗಿದ್ದವರ ಗತಿ ನೆನೆಸಿಕೊಂಡರೆ ನಮ್ಮ ಪ್ರಿನ್ಸಿಪಾಲರ ಬೆಳಗಿನ ರೌಂಡ್ಸ್ ಏನೂ ಅಲ್ಲ!

ಈಗ ಸಕ್ಕರೆಗೆ ಬರುತ್ತೇನೆ. ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಶುರುವಾಗಿ ಎರಡು ದಶಕ ನಡೆಯಿತು. ನೀರು ನಿಂತಿತು, ಆದರೆ ಅದು ಹೊಲಕ್ಕೆ ಹೋಗಬೇಕಲ್ಲ? ಹುಲಿಕೆರೆ ಬಳಿ ಗುಡ್ಡದ ಕೆಳಗೆ ಸುರಂಗ ಕೊರೆದು ಇರ್ವಿನ್ ನಾಲೆ ತೆಗೆದರು. ಈಗ ಅದನ್ನು ವಿಶ್ವೇಶ್ವರಯ್ಯ ನಾಲೆ ಎನ್ನುತ್ತಾರೆ. ಸುಮಾರು 1,20,000 ಎಕರೆಗೆ ನೀರು ಕೊಡುವ ಲೆಕ್ಕ ಅದು. ರಾಗಿ ಬೆಳೆಯುತ್ತಿದ್ದ ಮಂಡ್ಯದ ಒಣ ಹೊಲಗಳಿಗೆ ಒಮ್ಮೆಗೇ ನೀರು ಬಂದರೆ ರೈತ ಏನು ಬೆಳೆಯಬೇಕು, ಬೆಳೆದದ್ದನ್ನು ಯಾರಿಗೆ ಮಾರಬೇಕು? ಈ ಪ್ರಶ್ನೆಗೆ ಕಬ್ಬು ಎಂದು ಉತ್ತರ ಕೊಟ್ಟವರು ಲೆಸ್ಲಿ ಕೋಲ್ಮನ್. ಕೆನಡಾದಿಂದ ಬಂದು ಮೈಸೂರಿನ ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ ವಿಜ್ಞಾನಿ ಅವರು. ಆ ಉತ್ತರಕ್ಕೆ ಹಣ, ಜಾಗ, ಕಂಪನಿ, ಷೇರು ಎಲ್ಲ ಹೊಂದಿಸಬೇಕಾದದ್ದು ಮಿರ್ಜಾ ಅವರ ಸರ್ಕಾರದ ಪಾಲಿಗೆ ಬಂತು.

ಕಾಮರ್ಸ್ ವಿದ್ಯಾರ್ಥಿಯಾಗಿ ನನಗೆ ಇಲ್ಲಿ ಅವರ ಸಮಯಪ್ರಜ್ಞೆ ಕಾಣುತ್ತದೆ. 1929ರ ನಂತರ ಜಗತ್ತಿನಲ್ಲೆಲ್ಲ ಆರ್ಥಿಕ ಕುಸಿತ, ಕೃಷಿ ಬೆಲೆಗಳು ನೆಲಕಚ್ಚಿದ್ದವು. ಅಂಥ ಹೊತ್ತಿನಲ್ಲಿ ಹೊಸ ಕಾರ್ಖಾನೆಗೆ ಬಂಡವಾಳ ಹಾಕಲು ಯಾರೂ ಮುಂದೆ ಬರುವುದಿಲ್ಲ. ಆದರೆ 1932ರಲ್ಲಿ ಭಾರತ ಸರ್ಕಾರ ಸಕ್ಕರೆ ಉದ್ಯಮಕ್ಕೆ ರಕ್ಷಣೆ ಕೊಡುವ ಕಾಯ್ದೆ ತಂದು, ಜಾವಾದಿಂದ ಬರುವ ಸಕ್ಕರೆಯ ಮೇಲೆ ಭಾರಿ ಸುಂಕ ಹಾಕಿತು. ಮರುವರ್ಷವೇ, 1933ರಲ್ಲಿ, ಮೈಸೂರು ಸಕ್ಕರೆ ಕಂಪನಿ ಮಂಡ್ಯದಲ್ಲಿ ಸ್ಥಾಪನೆಯಾಯಿತು. ಅದರಲ್ಲಿ ಸರ್ಕಾರದ ಹಣವೂ ಇತ್ತು, ರೈತರ ಷೇರುಗಳೂ ಇದ್ದವು. ಒಂದು ಊರಿನ ಸುತ್ತ ಇಷ್ಟೊಂದು ಕಬ್ಬು, ಇಷ್ಟೊಂದು ಜನ ಸೇರಿದ ಮೇಲೆ 1939ರಲ್ಲಿ ಮಂಡ್ಯವನ್ನು ಪ್ರತ್ಯೇಕ ಜಿಲ್ಲೆ ಮಾಡಿದ್ದೂ ಇದೇ ದಿವಾನರ ಅವಧಿಯಲ್ಲಿ.

ಆದರೆ ದೇಶದ ತುಂಬ ಎಲ್ಲರೂ ಇದೇ ಲೆಕ್ಕ ಹಾಕಿದರು. 1932ಕ್ಕೆ ಮುಂಚೆ ಭಾರತದಲ್ಲಿ ಮೂವತ್ತರ ಆಸುಪಾಸಿನಲ್ಲಿದ್ದ ಸಕ್ಕರೆ ಕಾರ್ಖಾನೆಗಳು ಐದು ವರ್ಷದೊಳಗೆ ನೂರು ದಾಟಿದವು. ಸಕ್ಕರೆಯ ಜೊತೆಗೆ ಕಾಕಂಬಿಯೂ ಬೆಟ್ಟದಷ್ಟಾಯಿತು. ಕಾಕಂಬಿ ಎಂದರೆ ಸಕ್ಕರೆ ಹರಳನ್ನೆಲ್ಲ ತೆಗೆದ ಮೇಲೆ ಉಳಿಯುವ ಕಪ್ಪು ಅಂಟು ಪಾಕ. 100 ಟನ್ ಕಬ್ಬು ನುರಿಸಿದರೆ ಸುಮಾರು 10 ಟನ್ ಸಕ್ಕರೆ, 4 ಟನ್‌ಗೂ ಮಿಕ್ಕಿ ಕಾಕಂಬಿ ಬರುತ್ತದೆ. ಸಿಪ್ಪೆಯನ್ನು ಬಾಯ್ಲರಿಗೆ ಹಾಕಿ ಉರಿಸಬಹುದು. ಕಾಕಂಬಿಯನ್ನು ಏನು ಮಾಡುವುದು? ಹೊಳೆಗೆ ಬಿಟ್ಟರೆ ಮೀನು ಸಾಯುತ್ತದೆ, ಹೊರಗೆ ಇಟ್ಟರೆ ನೊಣ ಮುತ್ತಿ ವಾಸನೆ ಬರುತ್ತದೆ. ಅದನ್ನು ರಸ್ತೆಗೆ ಸುರಿದು ಗಟ್ಟಿ ಮಾಡುವ ಪ್ರಯೋಗಗಳೂ ದೇಶದಲ್ಲಿ ನಡೆದವು. ನಮ್ಮ ಅಕೌಂಟೆನ್ಸಿ ಪುಸ್ತಕದಲ್ಲಿ ಉಪ ಉತ್ಪನ್ನದ ಆದಾಯ ಎಂದು ಒಂದು ಸಾಲಿನಲ್ಲಿ ಬರೆದು ಮುಗಿಸುತ್ತೇವೆ. ಆದರೆ ಕೊಳ್ಳುವವರು ಇಲ್ಲದಿದ್ದರೆ ಉಪ ಉತ್ಪನ್ನವೇ ಖರ್ಚಿನ ಕಡೆಗೆ ಬಂದು ಕೂರುತ್ತದೆ.

ಮಂಡ್ಯದಲ್ಲಿ ಕಾರ್ಖಾನೆಯ ಮಗ್ಗುಲಿಗೇ ಡಿಸ್ಟಿಲರಿ ಬಂತು. ಕಾಕಂಬಿಗೆ ನೀರು ಬೆರೆಸಿ, ಯೀಸ್ಟ್ ಹಾಕಿ ಹುಳಿ ಬರಿಸಿದರೆ ಅದರಲ್ಲಿ ಉಳಿದ ಸಕ್ಕರೆ ಆಲ್ಕೋಹಾಲ್ ಆಗುತ್ತದೆ. ಕಾಯಿಸಿ ಭಟ್ಟಿ ಇಳಿಸಿದರೆ ಶೇ 95ರ ಆಸುಪಾಸಿನವರೆಗೆ ಶುದ್ಧವಾಗುತ್ತದೆ. ಉಳಿದ ನೀರು ಎಷ್ಟು ಸಲ ಭಟ್ಟಿ ಇಳಿಸಿದರೂ ಬಿಡುವುದಿಲ್ಲ. ಔಷಧಿಗೆ, ಪಾಲಿಶಿಗೆ ಅಷ್ಟು ಸಾಕು. ಪೆಟ್ರೋಲಿಗೆ ಬೆರೆಸಲು ಸಾಲದು, ಏಕೆಂದರೆ ಆ ನೀರು ಪೆಟ್ರೋಲಿನೊಳಗೆ ಬೇರೆಯಾಗಿ ತಳ ಸೇರಿ ಎಂಜಿನ್ ಕೆಮ್ಮತೊಡಗುತ್ತದೆ. ಹಾಗಾಗಿ ಬೇರೆ ವಿಧಾನದಿಂದ ಆ ಕಡೆಯ ನೀರನ್ನೂ ಎಳೆದು ತೆಗೆಯಬೇಕು. ಆಗ ಸಿಗುವುದೇ ಪವರ್ ಆಲ್ಕೋಹಾಲ್. ಒಂದು ಟನ್ ಕಾಕಂಬಿಗೆ 220ರಿಂದ 250 ಲೀಟರ್ ಇಳುವರಿ. ಎರಡನೇ ಮಹಾಯುದ್ಧದ ಹೊತ್ತಿಗೆ ಮೈಸೂರು ಸಂಸ್ಥಾನದಲ್ಲಿ ಪೆಟ್ರೋಲಿಗೆ ಇದನ್ನು ಬೆರೆಸಿ ವಾಹನಗಳಿಗೆ ಕೊಡುತ್ತಿದ್ದರು. ಇದನ್ನು ನಾನು ಮನೆಯಲ್ಲಿ ಹೇಳಿದಾಗ ದಾದಿ ಮುಖ ಸಿಂಡರಿಸಿದರು. ಶರಾಬಿನ ಸುದ್ದಿ ಕಾಲೇಜಿನ ಪತ್ರಿಕೆಗೆ ಯಾಕೆ ಎಂದು ಉರ್ದುವಿನಲ್ಲಿ ನನಗೆ ಪಾಠವಾಯಿತು. ಯಾರೂ ಕುಡಿಯಬಾರದೆಂದೇ ಇದಕ್ಕೆ ವಿಷದ ಪದಾರ್ಥ ಬೆರೆಸುತ್ತಾರೆ, ಇದು ಗಾಡಿಯ ಮೇವು ಎಂದು ಹೇಳಿದ ಮೇಲೆ ಸಮಾಧಾನವಾದರು.

ಇನ್ನು ಎಂಜಿನ್ ಮಾತು. ಗದಗಿನಲ್ಲಿ ನಮ್ಮ ಮಾಮುವಿನ ಗ್ಯಾರೇಜ್ ಇದೆ. ರಜೆಯಲ್ಲಿ ಅಲ್ಲಿ ಬಿಲ್ ಬರೆಯುವ ಕೆಲಸ ನನ್ನದು. ಒಮ್ಮೆ ಒಬ್ಬರು ಟರ್ಬೊ ಹಾಕಿಸಿದ್ದ ಕಾರು ತಂದು, ಇದನ್ನು ಪೂರ್ತಿ ಎಥೆನಾಲ್ ಮೇಲೆ ಓಡುವಂತೆ ಮಾಡಿಕೊಡಿ, ಇನ್ನೂ ಜೋರಾಗಿ ಹೋಗಬೇಕು ಎಂದರು. ಮಾಮು ಆ ಕೆಲಸ ಹಿಡಿಯಲಿಲ್ಲ. ಹಿಡಿದರೆ ಏನೇನು ಬದಲಿಸಬೇಕು ಎಂದು ನನಗೆ ಮಾತ್ರ ಬಿಡಿಸಿ ಹೇಳಿದರು. ಒಂದು ಭಾಗ ಪೆಟ್ರೋಲ್ ಉರಿಯಲು ತೂಕದಲ್ಲಿ ಸುಮಾರು 14.7 ಭಾಗ ಗಾಳಿ ಬೇಕು. ಎಥೆನಾಲ್‌ಗೆ 9 ಭಾಗ ಸಾಕು. ಎಂದರೆ ಅದೇ ಗಾಳಿಗೆ ಹೆಚ್ಚು ಇಂಧನ ಸುರಿಯಬೇಕು. ಇಂಜೆಕ್ಟರ್, ಪಂಪ್ ಎರಡೂ ದೊಡ್ಡವು ಬೇಕು, ಕಂಪ್ಯೂಟರಿನಲ್ಲಿ ಲೆಕ್ಕವನ್ನು ಹೊಸದಾಗಿ ಬರೆಯಬೇಕು. ರಬ್ಬರ್ ಪೈಪು, ಸೀಲುಗಳು ಎಥೆನಾಲ್ ತಾಳುವಂಥವಾಗಿರಬೇಕು. ಚಳಿಯ ಬೆಳಿಗ್ಗೆ ಗಾಡಿ ಬೇಗ ಶುರುವಾಗುವುದಿಲ್ಲ. ಒಂದು ಲೀಟರಿನಲ್ಲಿ ಪೆಟ್ರೋಲಿನ ಮೂರನೇ ಎರಡು ಭಾಗದಷ್ಟೇ ಶಕ್ತಿ ಇರುವುದರಿಂದ ಮೈಲೇಜೂ ಬೀಳುತ್ತದೆ.

ಇಷ್ಟೆಲ್ಲ ಕಷ್ಟವಿದ್ದರೆ ರೇಸಿನವರು ಯಾಕೆ ಇದರ ಬೆನ್ನು ಹತ್ತುತ್ತಾರೆ? ಎಥೆನಾಲ್ ಆವಿಯಾಗುವಾಗ ಸುತ್ತಲಿನ ಶಾಖವನ್ನು ಹೀರುತ್ತದೆ, ಒಳಗೆ ಹೋಗುವ ಗಾಳಿ ತಣ್ಣಗಾಗುತ್ತದೆ. ಸಿಲಿಂಡರಿನಲ್ಲಿ ಹೆಚ್ಚು ಒತ್ತಿದರೂ ಅದು ಪೆಟ್ರೋಲಿನಷ್ಟು ಬೇಗ ಹೊತ್ತಿಗೆ ಮುಂಚೆ ಸಿಡಿದು ಟಕಟಕ ಎನ್ನುವುದಿಲ್ಲ. ಹಾಗಾಗಿ ಒತ್ತಡ ಏರಿಸಬಹುದು, ಟರ್ಬೊದಿಂದ ಹೆಚ್ಚು ಗಾಳಿ ತುಂಬಬಹುದು, ಶಕ್ತಿ ಏರುತ್ತದೆ. ಸ್ವೀಡನ್ನಿನ ಕೋನಿಗ್‌ಸೆಗ್ ಕಂಪನಿ ಪೆಟ್ರೋಲ್ ಕುಡಿಯುವ ತನ್ನ ಸಿಸಿಎಕ್ಸ್ ಕಾರನ್ನು 2007ರಲ್ಲಿ ಶೇ 85 ಎಥೆನಾಲ್‌ಗೆ ಹೊಂದಿಸಿ ಸಿಸಿಎಕ್ಸ್‌ಆರ್ ಎಂದು ಹೆಸರಿಟ್ಟಿತು. 806 ಇದ್ದ ಅಶ್ವಶಕ್ತಿ 1,018ಕ್ಕೆ ಹೋಯಿತು. ಇದೂ ಹೊಸ ಮಾತೇನಲ್ಲ. ಮಂಡ್ಯದಲ್ಲಿ ಕಬ್ಬು ನುರಿಯುತ್ತಿದ್ದ 1937ರಲ್ಲೇ ಯುರೋಪಿನ ಗ್ರ್ಯಾನ್ ಪ್ರಿ ಪಂದ್ಯಗಳಲ್ಲಿ ಮರ್ಸಿಡಿಸ್‌ನ ಡಬ್ಲ್ಯು 125 ಕಾರು ಆಲ್ಕೋಹಾಲ್ ಮತ್ತು ಬೆಂಜಾಲ್ ಮಿಶ್ರಣ ಕುಡಿದು ಸುಮಾರು 590 ಅಶ್ವಶಕ್ತಿ ಕೊಡುತ್ತಿತ್ತು. ಶಕ್ತಿಯನ್ನು ಇಂದಿಗೂ ಕುದುರೆಯ ಲೆಕ್ಕದಲ್ಲೇ ಅಳೆಯುತ್ತೇವೆ ಎನ್ನುವಾಗ ನನಗೆ ಅಲಿ ಅಸ್ಕರ್ ಅವರ ನೆನಪಾಗುತ್ತದೆ.

ಮಿರ್ಜಾ ಅವರಿಗೆ ಬೇಕಾಗಿದ್ದದ್ದು ರೇಸಿನ ವೇಗವಲ್ಲ. ಬ್ರಿಟಿಷರ ಬಾವಿಯಿಂದ ಬರುವ ಎಣ್ಣೆಯನ್ನು ತಮ್ಮ ಸಂಸ್ಥಾನ ಆದಷ್ಟು ಕಡಿಮೆ ಕೊಳ್ಳಬೇಕು, ತಮ್ಮ ಹೊಲದ ಕಬ್ಬಿನ ಕಡೆಯ ಹನಿಯೂ ಹಣವಾಗಬೇಕು. ಅವರ ಬೇರೆ ಉದ್ಯಮಗಳನ್ನು ನೋಡಿದರೂ ಇದೇ ಬುದ್ಧಿ ಕಾಣುತ್ತದೆ. ಭದ್ರಾವತಿಯ ಕಾಗದ ಕಾರ್ಖಾನೆ, ಬೆಳಗೊಳದ ರಾಸಾಯನಿಕ ಗೊಬ್ಬರ, ಬೆಂಗಳೂರಿನ ಪಿಂಗಾಣಿ, ವಿದ್ಯುತ್ ದೀಪ, ಎಲ್ಲಕ್ಕೂ ಇಲ್ಲಿಯದೇ ಬಿದಿರು, ಮಣ್ಣು, ವಿದ್ಯುತ್.

ಇಷ್ಟು ಬರೆದ ಮೇಲೆ ಇನ್ನೊಂದು ಮುಖವನ್ನೂ ಬರೆಯದಿದ್ದರೆ ತಪ್ಪಾಗುತ್ತದೆ. ಜನರಿಗೆ ಕಾರ್ಖಾನೆ ಕೊಟ್ಟ ದಿವಾನರು ಜನರಿಗೆ ಅಧಿಕಾರ ಕೊಡಲು ಅಷ್ಟು ಆತುರಪಡಲಿಲ್ಲ. 1938ರ ಏಪ್ರಿಲ್‌ನಲ್ಲಿ ಅದೇ ಕಬ್ಬಿನ ಸೀಮೆಯ ಮದ್ದೂರು ಬಳಿಯ ಶಿವಪುರದಲ್ಲಿ ಕಾಂಗ್ರೆಸ್ಸಿಗರು ನಿಷೇಧ ಮೀರಿ ಧ್ವಜ ಹಾರಿಸಿದರು. ಅದೇ ತಿಂಗಳ 25ರಂದು ಗೌರಿಬಿದನೂರಿನ ಹತ್ತಿರದ ವಿದುರಾಶ್ವತ್ಥದಲ್ಲಿ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿ ಅನೇಕರು ಸತ್ತರು. ನಂತರ ಸರ್ದಾರ್ ಪಟೇಲರು ಬಂದು ದಿವಾನರೊಂದಿಗೆ ಮಾತಾಡಿದ ಮೇಲೆ ಧ್ವಜ ಹಾರಿಸಲು ಅವಕಾಶ ಸಿಕ್ಕಿತು. ಸತ್ತವರ ಮನೆಗಳಿಗೆ ಅದು ತಡವಾಗಿತ್ತು.

ಯುದ್ಧ ಶುರುವಾದ ಮೇಲೆ ಪೆಟ್ರೋಲಿಗೆ ರೇಷನ್ ಬಂತು. ದೇಶದ ಬಸ್ಸುಗಳು ಬೆನ್ನಿಗೆ ಇದ್ದಿಲ ಒಲೆ ಕಟ್ಟಿಕೊಂಡು ಓಡಿದ ಕಾಲ ಅದು. ಇದೇ ಸಮಯದಲ್ಲಿ ವಾಲ್‌ಚಂದ್ ಹೀರಾಚಂದ್ ಎಂಬ ಸೋಲಾಪುರದ ಉದ್ಯಮಿ ಎರಡು ಯೋಜನೆ ಹಿಡಿದುಕೊಂಡು ಮೈಸೂರಿನ ಬಾಗಿಲಿಗೆ ಬಂದರು. ಮೊದಲನೆಯದು ವಿಮಾನ ಕಾರ್ಖಾನೆ. ಮಿರ್ಜಾ ತಡಮಾಡಲಿಲ್ಲ. ಜಾಗ, ವಿದ್ಯುತ್, ಬಂಡವಾಳ ಕೊಟ್ಟು 1940ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಶುರುವಾಯಿತು. ಇಂದಿನ ಎಚ್‌ಎಎಲ್ ಅದೇ. ಎರಡನೆಯದು ಕಾರು ಕಾರ್ಖಾನೆ. ಅದರ ಮೂಲ ಕನಸು ವಿಶ್ವೇಶ್ವರಯ್ಯನವರದು. 1935ರಲ್ಲಿ ಆ ವಯಸ್ಸಿನಲ್ಲೂ ಯುರೋಪ್, ಅಮೆರಿಕ ಸುತ್ತಿ ಕಾರು ತಯಾರಿಕೆ ಅಭ್ಯಾಸ ಮಾಡಿ ಯೋಜನೆ ಬರೆದಿದ್ದರು. ಅಮೆರಿಕದ ಕ್ರೈಸ್ಲರ್ ಕಂಪನಿಯ ಜೊತೆ ಒಪ್ಪಂದವಾಯಿತು. ಬೆಂಗಳೂರಿನಲ್ಲಿ ಕಟ್ಟಲು ಮೈಸೂರು ಸರ್ಕಾರವೂ ಬೆಂಬಲಕ್ಕೆ ನಿಂತಿತು. ದೆಹಲಿಯ ಬ್ರಿಟಿಷ್ ಸರ್ಕಾರ ಒಪ್ಪಲಿಲ್ಲ. ಕಾರು ಕಾರ್ಖಾನೆಯಿಂದ ಯುದ್ಧಕ್ಕೆ ಪ್ರಯೋಜನವಿಲ್ಲ ಎನ್ನುವುದು ಅದರ ವಾದ. ಸಂಸ್ಥಾನ ಎಷ್ಟೇ ಮುಂದುವರಿದಿದ್ದರೂ ಬ್ರಿಟಿಷರ ಕೈಕೆಳಗಿನದೇ. ಮೈಸೂರು ಹಿಂದೆ ಸರಿಯಬೇಕಾಯಿತು. ವಾಲ್‌ಚಂದ್ 1944ರಲ್ಲಿ ಮುಂಬೈಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಟ್ಟಿದರು. ನಮ್ಮ ಅಬ್ಬಾ ಚಿಕ್ಕವರಿದ್ದಾಗ ಮದುವೆಗಳಿಗೆ ಬರುತ್ತಿದ್ದ ಪದ್ಮಿನಿ ಕಾರು ಆ ಕಂಪನಿಯದು. ಮೈಸೂರಿನ ಹತ್ತಿರ ಇಂಧನ ಇತ್ತು, ಅದನ್ನು ಕುಡಿಯುವ ಕಾರು ಅಲ್ಲೇ ಹುಟ್ಟಲು ಬಿಡಲಿಲ್ಲ. ಹುಟ್ಟಿದ್ದರೆ ಅದರ ಎಂಜಿನ್ನನ್ನು ಮಂಡ್ಯದ ಆಲ್ಕೋಹಾಲಿಗೆ ಹೊಂದಿಸಿಯೇ ಮಾಡುತ್ತಿದ್ದರೇನೋ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಅಷ್ಟರಲ್ಲಿ ಗೆಳೆಯ ಇರಲಿಲ್ಲ. ನಾಲ್ವಡಿಯವರು 1940ರ ಆಗಸ್ಟ್ 3ರಂದು ತೀರಿಕೊಂಡರು. ಹೊಸ ಮಹಾರಾಜ ಜಯಚಾಮರಾಜ ಒಡೆಯರ್ ಇನ್ನೂ ತರುಣರು. ಇಬ್ಬರ ನಡುವೆ ಹೊಂದಲಿಲ್ಲ. 1941ರಲ್ಲಿ ಮಿರ್ಜಾ ರಾಜೀನಾಮೆ ಕೊಟ್ಟರು. ಮರುವರ್ಷ ಜೈಪುರ ಸಂಸ್ಥಾನ ಅವರನ್ನು ಪ್ರಧಾನಮಂತ್ರಿಯಾಗಿ ಕರೆಯಿತು. ಅಲ್ಲಿ 1946ರವರೆಗೆ ಇದ್ದರು. ಜೈಪುರದ ಮುಖ್ಯ ಬೀದಿಗೆ ಇಂದಿಗೂ ಮಿರ್ಜಾ ಇಸ್ಮಾಯಿಲ್ ರಸ್ತೆ ಎಂದೇ ಹೆಸರು, ಜನ ಎಂ.ಐ. ರೋಡ್ ಎನ್ನುತ್ತಾರೆ. ಅಲ್ಲಿಂದ ಹೈದರಾಬಾದಿಗೆ ಬಂದು ನಿಜಾಮರ ಪ್ರಧಾನಿಯಾದರು. ನಮ್ಮ ಗದಗ ಆಗ ಮುಂಬೈ ಪ್ರಾಂತ್ಯದಲ್ಲಿತ್ತು, ಪಕ್ಕದ ಕೊಪ್ಪಳ ನಿಜಾಮರದು. ಹಾಗಾಗಿ ಅವರ ಅಧಿಕಾರ ನಮ್ಮ ಮುಂಡರಗಿಯ ಗಡಿಯವರೆಗೆ ಬಂದಿತ್ತು ಎನ್ನಬಹುದು. ಆದರೆ ಅಲ್ಲಿಯ ಗಾಳಿ ಬೇರೆ ಇತ್ತು. ಭಾರತದೊಂದಿಗೆ ಹೊಂದಿಕೊಂಡು ಹೋಗಬೇಕೆನ್ನುವ ಅವರ ದಾರಿ ರಜಾಕಾರರ ಕಡೆಯವರಿಗೆ ಬೇಡವಾಗಿತ್ತು. 1947ರಲ್ಲೇ ಬಿಟ್ಟು ಬಂದರು. ಕೊನೆಯ ವರ್ಷಗಳನ್ನು ಹುಟ್ಟಿದ ಬೆಂಗಳೂರಿನಲ್ಲೇ ಕಳೆದು, 1954ರಲ್ಲಿ ತಮ್ಮ ಸಾರ್ವಜನಿಕ ಜೀವನದ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಪ್ರಕಟಿಸಿ, 1959ರ ಜನವರಿ 5ರಂದು ತೀರಿಕೊಂಡರು.

ಅವರು ಹೋದ ಮೇಲೆ ಆಲ್ಕೋಹಾಲಿನ ಕತೆ ವಿಚಿತ್ರವಾಗಿ ನಡೆಯಿತು. ಪೆಟ್ರೋಲಿಗೆ ಪವರ್ ಆಲ್ಕೋಹಾಲ್ ಬೆರೆಸುವ ಬಗ್ಗೆ ಸ್ವತಂತ್ರ ಭಾರತ 1948ರಲ್ಲಿ ಒಂದು ಕಾಯ್ದೆಯನ್ನೇ ಮಾಡಿತು. ಆದರೆ ಹೊರಗಿನಿಂದ ಎಣ್ಣೆ ಅಗ್ಗಕ್ಕೆ ಸಿಗುತ್ತಿದ್ದಾಗ ಅದನ್ನು ಯಾರೂ ನೆನೆಯಲಿಲ್ಲ. 2000ದಲ್ಲಿ ಆ ಕಾಯ್ದೆಯನ್ನು ರದ್ದು ಮಾಡಿದರು. ಆಮೇಲೆ ಮತ್ತೆ ಅದೇ ದಾರಿ ಹಿಡಿದು, 2023ರ ಫೆಬ್ರುವರಿ 6ರಂದು ಶೇ 20 ಎಥೆನಾಲ್ ಬೆರೆತ ಪೆಟ್ರೋಲನ್ನು ಬೆಂಗಳೂರಿನಲ್ಲಿ ಬಿಡುಗಡೆ ಮಾಡಿದರು.

ಈಗ ಎಥೆನಾಲ್ ಕಬ್ಬಿನಿಂದ ಮಾತ್ರ ಬರುತ್ತಿಲ್ಲ, ಗೋವಿನಜೋಳದಿಂದಲೂ ಬರುತ್ತಿದೆ. ನಮ್ಮ ಹಿರೇವಡ್ಡಟ್ಟಿಯ ಎರಿ ಹೊಲದಲ್ಲಿ ಅಬ್ಬಾ ಬೆಳೆಯುವುದೂ ಅದನ್ನೇ. 2025ರ ಸುಗ್ಗಿಯಲ್ಲಿ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲಿಗೆ 2,400 ರೂಪಾಯಿ ಇತ್ತು. ಪೇಟೆಯಲ್ಲಿ 2,000ವೂ ಸಿಗಲಿಲ್ಲ. ಆ ನವೆಂಬರ್‌ನಲ್ಲಿ ಲಕ್ಷ್ಮೇಶ್ವರದಲ್ಲಿ ರೈತರು ಖರೀದಿ ಕೇಂದ್ರಕ್ಕಾಗಿ ಧರಣಿ ಕೂತದ್ದು ಎಲ್ಲರಿಗೂ ಗೊತ್ತು. ನಾನು ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಒಂದು ಲೆಕ್ಕ ಹಾಕಿ ನೋಡಿದೆ. ಒಂದು ಕ್ವಿಂಟಲ್ ಗೋವಿನಜೋಳಕ್ಕೆ ಸುಮಾರು 38 ಲೀಟರ್ ಎಥೆನಾಲ್ ಬರುತ್ತದೆ. 2024-25ರಲ್ಲಿ ಎಣ್ಣೆ ಕಂಪನಿಗಳು ಅದಕ್ಕೆ ಲೀಟರಿಗೆ 71.86 ರೂಪಾಯಿ ಕೊಟ್ಟವು. ಒಟ್ಟು 2,730 ರೂಪಾಯಿ ಚಿಲ್ಲರೆ. ಉಳಿದ ಹಿಂಡಿ ದನಕ್ಕೆ, ಕೋಳಿಗೆ ಬೇರೆ ಮಾರಾಟ. ಭಟ್ಟಿಯ ಖರ್ಚು, ಉರುವಲು, ಬಡ್ಡಿ, ಸಾಗಾಣಿಕೆ ಎಲ್ಲ ಕಳೆಯಬೇಕು, ಒಪ್ಪುತ್ತೇನೆ. ಹಾಗಿದ್ದರೂ ಅಬ್ಬಾ ಚೀಲ ಇಳಿಸಿ ಬಂದ ದಿನದ ಪಟ್ಟಿಯನ್ನು ಈ ಲೆಕ್ಕದ ಪಕ್ಕದಲ್ಲಿ ಇಟ್ಟೆ. ಅದರಲ್ಲಿ ಹಮಾಲಿ, ತೂಕದ ಖರ್ಚು ಕಳೆದು ಕ್ವಿಂಟಲಿಗೆ 1,740 ರೂಪಾಯಿ ಎಂದಿತ್ತು.